ಖೋಲಿಯೊಳಗೆ ಮುಧೋಳದ ಬೇಟೆನಾಯಿ

ಗೋವಾದ ಝುವಾರಿನಗರದ ನಮ್ಮ ಜನರಿಗೆ ಮುಧೋಳ ನಾಯಿಯ ಮೇಲೆ ಆಸೆ ಹುಟ್ಟುವುದು ಸಹಜ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದು ಇಲ್ಲೇ ನೆಲೆ ನಿಂತವರಿಗೆ ಅದು ತಮ್ಮ ಸೀಮೆಯ ನಾಯಿ. ಊರಿಗೆ ಹೋದಾಗ ಮರಿಯೊಂದನ್ನು ಕೈಚೀಲದಲ್ಲಿಟ್ಟುಕೊಂಡು ರಾತ್ರಿ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಗೋವಾ. ಆ ಆಸೆಯ ಹಿಂದಿರುವ ಅಭಿಮಾನ ನನಗೂ ಇದೆ. ಆದರೂ ಹೇಳಲೇಬೇಕಾದ ಮಾತೊಂದಿದೆ: ಆ ಮರಿಯನ್ನು ಇಲ್ಲಿಗೆ ತರಬೇಡಿ.

ಮುಧೋಳ ಎಂದರೆ ಕವಿ ರನ್ನನ ಊರು. ಘಟಪ್ರಭೆಯ ದಂಡೆಯ ಈ ಪಟ್ಟಣವನ್ನು ಆಳುತ್ತಿದ್ದ ಘೋರ್ಪಡೆ ಮನೆತನದ ಮಾಲೋಜಿರಾವ್ ಅವರು ಹಳ್ಳಿಗಳಲ್ಲಿ ಚದುರಿಹೋಗಿದ್ದ ಬೇಟೆನಾಯಿಗಳಲ್ಲಿ ಒಳ್ಳೆಯವನ್ನು ಆರಿಸಿ, ತಳಿ ಕಟ್ಟಿ, ಅದಕ್ಕೊಂದು ಹೆಸರು ತಂದುಕೊಟ್ಟರು. ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟದ್ದನ್ನು ಮುಧೋಳದವರು ಇಂದಿಗೂ ಹೇಳುತ್ತಾರೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಈ ತಳಿಗೆಂದೇ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ನಡೆಸುತ್ತಿದೆ. ಅಲ್ಲಿಯ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೂ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ‘ಮನ್ ಕೀ ಬಾತ್’ನಲ್ಲಿ ಮುಧೋಳದ ಹೆಸರೆತ್ತಿದ ಮೇಲಂತೂ ಬೇಡಿಕೆ ಎಲ್ಲಿಂದೆಲ್ಲಿಂದಲೋ ಬಂತು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅಧಿಕೃತವಾಗಿ ನೋಂದಾಯಿಸಿದ ಮೊದಲ ನಾಯಿ ತಳಿಗಳು ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈ ಮತ್ತು ನಮ್ಮ ಮುಧೋಳ. ಇಷ್ಟೆಲ್ಲ ಇರುವಾಗ ಊರಿನವನು ಎದೆಯುಬ್ಬಿಸಿದರೆ ತಪ್ಪೇನು?

ಆದರೆ ನಾಯಿಗೆ ಈ ಬಿರುದುಗಳು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಮೈ, ಆ ಮೈ ಬೇಡುವ ಬದುಕು. ಮುಧೋಳ ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ. ಉದ್ದ ಮುಸುಡಿ, ಇಳಿದ ಎದೆಗೂಡು, ಬೆನ್ನಿಗೆ ಅಂಟಿದಂಥ ಹೊಟ್ಟೆ, ಎರಡಡಿ ಮೀರಿದ ಎತ್ತರ, ಅಷ್ಟಿದ್ದರೂ ಇಪ್ಪತ್ತೈದು ಕಿಲೋ ಆಸುಪಾಸಿನ ತೂಕ. ಪೂರ್ತಿ ವೇಗದಲ್ಲಿ ಓಡುವಾಗ ಒಂದೊಂದು ನೆಗೆತದಲ್ಲೂ ಎರಡೆರಡು ಸಲ ಅದರ ನಾಲ್ಕು ಕಾಲೂ ನೆಲ ಬಿಟ್ಟಿರುತ್ತವೆ. ಎರೆಹೊಲದ ಬಯಲಿನಲ್ಲಿ, ಜೋಳ ಕೊಯ್ದ ಕೂಳೆಯ ಮೇಲೆ, ದೂರದಲ್ಲೆಲ್ಲೋ ಮೊಲವೊಂದು ಅಲುಗಿದ್ದನ್ನು ಕಂಡು ಬಾಣ ಬಿಟ್ಟ ಹಾಗೆ ಹೊರಡಲೆಂದೇ ಜನ ಇದನ್ನು ತಲೆಮಾರುಗಳ ಕಾಲ ಆರಿಸಿ ಬೆಳೆಸಿದರು. ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿದೆ, ನಿಲ್ಲಬೇಕಾದದ್ದೇ. ಹಾಗೆಂದು ಓಡಬೇಕೆಂಬ ಹಂಬಲ ನಾಯಿಯ ಮೈಯಿಂದ ಹೋಗಿಲ್ಲ. ಜೊತೆಗೆ, ಅಪರಿಚಿತರು ಮೈ ಮುಟ್ಟಿದರೆ ಅದಕ್ಕೆ ಆಗುವುದಿಲ್ಲ. ಮನೆಯವರಿಗಷ್ಟೇ ತನ್ನನ್ನು ಒಪ್ಪಿಸಿಕೊಂಡು, ಉಳಿದವರಿಂದ ಒಂದು ಮಾರು ದೂರವೇ ನಿಲ್ಲುವ ಸ್ವಭಾವ ಅದರದು.

ಈಗ ಝುವಾರಿನಗರಕ್ಕೆ ಬನ್ನಿ. ರಸಗೊಬ್ಬರ ಕಾರ್ಖಾನೆಯ ಸುತ್ತ ಬೆಳೆದ ಈ ವಸತಿಯಲ್ಲಿ ಖೋಲಿಗೆ ಖೋಲಿ ಅಂಟಿಕೊಂಡಿದೆ. ಹತ್ತು ಅಡಿಗೆ ಹತ್ತು ಅಡಿಯ ಒಂದು ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಬಾಗಿಲು ತೆರೆದರೆ ಎದುರು ಮನೆಯ ಬಾಗಿಲು. ಇಂಥ ಒಂದು ಸಾಲಿನಲ್ಲಿ, ನೀರಿನ ಡ್ರಮ್ಮಿನ ಪಕ್ಕ, ಎರಡು ವರ್ಷದ ಕಂದು ಬಣ್ಣದ ಮುಧೋಳ ಹೆಣ್ಣು ನಾಯಿಯೊಂದನ್ನು ಸರಪಳಿಯಲ್ಲಿ ಕಟ್ಟಿದ್ದನ್ನು ನೋಡಿದೆ. ಸಿಮೆಂಟ್ ನೆಲದ ಮೇಲೆ ಮಲಗಿ ಮಲಗಿ ಅದರ ಎರಡೂ ಮೊಣಕೈಗಳ ಕೂದಲು ಹೋಗಿ ಚರ್ಮ ಕಪ್ಪಾಗಿ ದಡ್ಡುಗಟ್ಟಿತ್ತು. ಒಂದು ಕಡೆ ಒಳಗೆ ನೀರು ತುಂಬಿ ನಿಂಬೆಹಣ್ಣಿನ ಗಾತ್ರಕ್ಕೆ ಊದಿತ್ತು. ಮೈಮೇಲೆ ಕೊಬ್ಬೇ ಇಲ್ಲದ ತೆಳು ಚರ್ಮದ ತಳಿ ಇದು. ಗಟ್ಟಿ ನೆಲದಲ್ಲಿ ಮೂಳೆ ನೇರವಾಗಿ ಒತ್ತುತ್ತದೆ. ಓಣಿಯಲ್ಲಿ ಸೈಕಲ್ ಹೋದರೂ ಎದ್ದು ಸರಪಳಿ ಮುಗಿಯುವತನಕ ಜಿಗಿಯುತ್ತಿತ್ತು, ಕುತ್ತಿಗೆಗೆ ಜಗ್ಗಿದಾಗ ನಿಲ್ಲುತ್ತಿತ್ತು. ಯಜಮಾನ ಅಕ್ಕರೆಯವನೇ. ದಿನಾ ರೊಟ್ಟಿ ಹಾಲಿನಲ್ಲಿ ನೆನೆಸಿ ಹಾಕುತ್ತಾನೆ. “ನಮ್ಮ ಕಡೀ ನಾಯಿರಿ ಸರ, ಮಿಲಿಟರ್‍ಯಾಗೂ ತಗೊಂಡಾರ” ಎಂದ. ಓಡಿಸಲು ಎಲ್ಲಿಗೆ ಕರೆದೊಯ್ಯುತ್ತೀರಿ ಎಂದರೆ, “ಎಲ್ಲಿ ಒಯ್ಯೂದ್ರಿ, ಡ್ಯೂಟಿ ಮುಗಿಸಿ ಬರೂದರಾಗ ಕತ್ತಲಾಗಿರತೈತಿ” ಎಂದ. ಅವನದು ಸುಳ್ಳಲ್ಲ. ಹೆದ್ದಾರಿಯ ಲಾರಿಗಳ ನಡುವೆ ಇಂಥ ನಾಯಿಯ ಸರಪಳಿ ಬಿಚ್ಚುವ ಧೈರ್ಯ ಯಾರಿಗೂ ಬರದು.

ಹವೆಯ ಮಾತು ಬೇರೆ. ಮುಧೋಳದ್ದು ಒಣ ಸೀಮೆ, ಗೋವಾದ ಕರಾವಳಿಯಲ್ಲಿ ಬೀಳುವ ಮಳೆಯ ಒಂದು ಸಣ್ಣ ಪಾಲಷ್ಟೇ ಅಲ್ಲಿ ಬೀಳುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ನಾಯಿಯ ಮೈಯಲ್ಲಿ ಉಣ್ಣಿ ತುಂಬುತ್ತದೆ. ಉಣ್ಣಿಯಿಂದ ಬರುವ ಜ್ವರ ರಕ್ತವನ್ನೇ ಹೀರಿ ನಾಯಿಯನ್ನು ಮಲಗಿಸುತ್ತದೆ. ಒಸಡು ಬಿಳಿಚಿಕೊಂಡು, ಊಟ ಬಿಟ್ಟು, ಮೂಗಿನಲ್ಲಿ ರಕ್ತ ಬರುವ ಹೊತ್ತಿಗೆ ಆಸ್ಪತ್ರೆಗೆ ಒಯ್ದವರು ಎಷ್ಟೋ ಮಂದಿ. ದಿನಾ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಕೈಯಾಡಿಸಿ ನೋಡುವ ರೂಢಿ ಯಾವ ನಾಯಿ ಸಾಕಿದವರಿಗೂ ಬೇಕು.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಊರಿನ ಜಾತ್ರೆಯ ತಿಂಗಳು. ದುಡಿಯಲು ಬಂದ ಕುಟುಂಬಕ್ಕೆ ಎರಡು ಮನೆ. ಬಿತ್ತನೆಗೆ, ಸುಗ್ಗಿಗೆ, ಜಾತ್ರೆಗೆ, ಮದುವೆಗೆ, ಚುನಾವಣೆಗೆ ಊರಿಗೆ ಹೋಗಲೇಬೇಕು. ಆಗ ನಾಯಿ ಯಾರ ಪಾಲು? ಪಕ್ಕದ ಖೋಲಿಯವರಿಗೆ ಒಂದಿಷ್ಟು ಅಕ್ಕಿ ಕೊಟ್ಟು ಹೋಗುತ್ತಾರೆ. ಮನೆಯವರ ಕೈ ಮಾತ್ರ ಬಲ್ಲ ನಾಯಿ ಪಕ್ಕದವರು ತಟ್ಟೆ ಇಡಲು ಬಂದರೂ ಹಲ್ಲು ತೋರಿಸುತ್ತದೆ. ಗುತ್ತಿಗೆ ಕೆಲಸ ಮುಗಿದರೆ, ಬಾಡಿಗೆ ಏರಿದರೆ, ಮಾಲೀಕ ಖೋಲಿ ಖಾಲಿ ಮಾಡಿಸಿದರೆ ಮೊದಲು ಬೀದಿಗೆ ಬೀಳುವುದೂ ಅದೇ. ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಅಷ್ಟು ವರ್ಷ ಇದೇ ಖೋಲಿಯಲ್ಲಿ ಇರುತ್ತೇನೆ ಎಂದು ಝುವಾರಿನಗರದಲ್ಲಿ ಎಷ್ಟು ಜನ ಎದೆ ತಟ್ಟಿ ಹೇಳಬಲ್ಲರು?

ಮರಿ ಹಾಕಿಸುವ ಆಸೆ ಇನ್ನೊಂದು ಕೇಡು. ಹೆಣ್ಣು ನಾಯಿ ಇದ್ದವರಿಗೆ, ಊರ ಕಡೆಯ ಗಂಡು ಎಲ್ಲಾದರೂ ಸಿಕ್ಕರೆ ಆರು ಮರಿ, ಮರಿಗೆ ಇಷ್ಟೆಂದರೆ ಇಷ್ಟಾಯಿತು ಎಂಬ ಲೆಕ್ಕ ತಲೆಗೆ ಬರುತ್ತದೆ. ನಾಯಿ ತಳಿ ಬೆಳೆಸುವುದಕ್ಕೆ 2017ರಲ್ಲೇ ಕೇಂದ್ರ ಸರ್ಕಾರದ ನಿಯಮಗಳು ಬಂದಿವೆ. ಮರಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ಮಾರುವಂತಿಲ್ಲ. ಈ ಕೊನೆಯ ನಿಯಮವನ್ನಾದರೂ ನಮ್ಮವರು ಗಟ್ಟಿಯಾಗಿ ಹಿಡಿಯಬೇಕು. ಮೂರನೇ ವಾರದಿಂದ ಎಂಟನೇ ವಾರದವರೆಗೆ ಮರಿ ಒಡಹುಟ್ಟಿದವರೊಡನೆ ಕಚ್ಚಾಡುತ್ತ, ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಕಲಿಯುತ್ತದೆ. ಮೂವತ್ತು ದಿನದ ಮರಿಯನ್ನು ಕಿತ್ತು ತಂದರೆ ಆ ಪಾಠ ತಪ್ಪುತ್ತದೆ. ಮುಧೋಳದಂಥ ಮುಟ್ಟಗೊಡದ ತಳಿಯಲ್ಲಿ ಅದರ ಫಲವನ್ನು ಮುಂದೆ ಮನೆಯ ಮಕ್ಕಳೇ ಉಣ್ಣಬೇಕು. ಹಾಗೆ ತಂದ ಮರಿಗೆ ಪಾರ್ವೊ ಎಂಬ ಸೋಂಕು ಹತ್ತಿದರೆ ಎರಡು ಮೂರು ದಿನದಲ್ಲೇ ರಕ್ತಭೇದಿಯಾಗಿ ಸಾಯುವುದುಂಟು.

ಖೋಲಿಯಲ್ಲಿ ಮರಿ ಹಾಕಿಸುವವನ ಬಳಿ ಎರಡು ನಾಯಿಯ ಆಯ್ಕೆ ಇರುವುದಿಲ್ಲ. ಇದ್ದ ಗಂಡಿಗೆ ಇದ್ದ ಹೆಣ್ಣು, ಅವು ಒಂದೇ ತಾಯಿಯ ಮಕ್ಕಳಾದರೂ ಸರಿ. ಸಣ್ಣ ಬಳಗದೊಳಗೇ ಹೀಗೆ ಕೂಡಿಸುತ್ತ ಹೋದರೆ ತಲೆಮಾರಿನಿಂದ ತಲೆಮಾರಿಗೆ ಮರಿಗಳ ಸಂಖ್ಯೆ ಇಳಿಯುತ್ತದೆ, ಅಡಗಿದ್ದ ದೋಷಗಳು ಹೊರಬರುತ್ತವೆ. ಇನ್ನು ಓಟದ ಪಂದ್ಯಕ್ಕೆಂದು ಗ್ರೇಹೌಂಡ್ ರಕ್ತ ಬೆರೆಸಿ, ಮುಧೋಳ ಎಂದೇ ಮಾರುವವರೂ ಇದ್ದಾರೆ. ಮಾಲೋಜಿರಾವ್ ಮಾಡಿದ ಕೆಲಸ ಯಾವುದರ ಜೊತೆ ಯಾವುದನ್ನು ಕೂಡಿಸಬೇಕು ಎಂಬ ವಿವೇಕದ ಕೆಲಸವಾಗಿತ್ತು. ಅದೇ ಕೆಲಸವನ್ನು ಇಂದು ತಿಮ್ಮಾಪುರದ ಕೇಂದ್ರ, ಮುಧೋಳ ಸುತ್ತಿನ ಹಳ್ಳಿಗಳ ಸಾಕಣೆದಾರರು ವಂಶಾವಳಿಯ ದಾಖಲೆ ಇಟ್ಟು ಮಾಡಬೇಕು. ಅಭಿಮಾನ ಇದ್ದವರು ಅಲ್ಲಿ ನಿಂತು ಅವರಿಗೆ ಬಲ ಕೊಡಲಿ.

ಗೋವಾದಲ್ಲಿ ಬದುಕುವವರಿಗೆ ಇನ್ನೊಂದು ಹೊಣೆಯಿದೆ. 2014ರ ಸುಮಾರಿಗೆ ಮಿಷನ್ ರೇಬೀಸ್ ಸಂಸ್ಥೆ ರಾಜ್ಯ ಸರ್ಕಾರದ ಜೊತೆ ಸೇರಿ ಇಲ್ಲಿ ನಾಯಿಗಳಿಗೆ ಲಸಿಕೆ ಹಾಕಲು ತೊಡಗಿತು. ಬಲೆ ಹಿಡಿದ ತಂಡಗಳು ಓಣಿ ಓಣಿ ಸುತ್ತಿ, ಸಿಕ್ಕ ನಾಯಿಗೆ ಚುಚ್ಚಿ, ತಲೆಗೆ ಬಣ್ಣದ ಗುರುತು ಹಚ್ಚಿ ಬಿಟ್ಟವು. ವರ್ಷಕ್ಕೆ ಸುಮಾರು 95 ಸಾವಿರ ನಾಯಿಗಳಿಗೆ ಲಸಿಕೆ ಬಿತ್ತು, ನಾಯಿಗಳಲ್ಲಿ ರೇಬೀಸ್ ಶೇ 92ರಷ್ಟು ಇಳಿಯಿತು. 2021ರಲ್ಲಿ ಗೋವಾ ದೇಶದ ಮೊದಲ ‘ರೇಬೀಸ್ ನಿಯಂತ್ರಿತ’ ರಾಜ್ಯವೆನಿಸಿತು. ನಾಯಿ ಕಚ್ಚಿಸಿಕೊಂಡು ಸಾಯುತ್ತಿದ್ದವರಲ್ಲಿ ಬಡವರು, ಅದರಲ್ಲೂ ಮಕ್ಕಳೇ ಹೆಚ್ಚು. ಹಾಗಾಗಿ ಈ ಕೆಲಸದ ಫಲ ಮೊದಲು ಸಿಕ್ಕಿದ್ದು ಝುವಾರಿನಗರದಂಥ ಜಾಗಗಳಿಗೇ. ಕರ್ನಾಟಕದಲ್ಲಿ ಮಾತ್ರ ಪ್ರತಿ ವರ್ಷವೂ ರೇಬೀಸ್ ಸಾವುಗಳು ವರದಿಯಾಗುತ್ತಲೇ ಇವೆ. ಲಸಿಕೆ ಬೀಳದ ಎಳೆ ಮರಿಯನ್ನು ಗಡಿ ದಾಟಿಸಿ ತರುವುದೆಂದರೆ ಇಷ್ಟು ವರ್ಷದ ಶ್ರಮಕ್ಕೆ ತೂತು ಕೊರೆದಂತೆ. ರೇಬೀಸ್ ಲಸಿಕೆ ಬೀಳುವುದು ಮರಿಗೆ ಮೂರು ತಿಂಗಳಾದ ಮೇಲೆ, ಮತ್ತೆ ವರ್ಷ ವರ್ಷ. ಆ ಕಾಗದ ಕೈಯಲ್ಲಿಲ್ಲದ ಯಾವ ನಾಯಿಯೂ ಬಸ್ ಹತ್ತಬಾರದು.

ತಳಿಯ ಹೆಸರಿನ ಮೇಲೆ ಕಾನೂನು ಮಾಡಲು ಹೊರಟವರೂ ಇದ್ದಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್, ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂದು ಅದನ್ನು ರದ್ದುಮಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಗೋವಾದ ಅಂಜುಣದಲ್ಲಿ ಪಿಟ್‌ಬುಲ್ ದಾಳಿಗೆ ಏಳು ವರ್ಷದ ಬಾಲಕ ಬಲಿಯಾದ. ಆ ತಾಯಿಯ ಸಂಕಟದ ಮುಂದೆ ವಾದ ಮಾಡಲು ನನಗೆ ಬಾಯಿ ಬರುವುದಿಲ್ಲ. ಅಷ್ಟು ಬಲದ ನಾಯಿಯನ್ನು ಮಕ್ಕಳು ಓಡಾಡುವ ಓಣಿಯಲ್ಲಿ ಯಾರೂ ಸಾಕಬಾರದು ಎಂದೇ ನಾನೂ ಹೇಳುತ್ತೇನೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಬೇರೆ ತಳಿಗಳು ಓಣಿಗೆ ಹೊಂದುತ್ತವೆ ಎಂದಲ್ಲ. ಹಗಲಿಡೀ ಕಟ್ಟಿಹಾಕಿ, ಮಂದಿಯ ಬಳಕೆ ಇಲ್ಲದೆ ಬೆಳೆಸಿದ ಮುಧೋಳವೂ ಹೆದರಿಕೆಯಿಂದ ಕಚ್ಚುತ್ತದೆ. ಕಚ್ಚಿದರೆ ಯಾವ ನಾಯಿಯೆಂದು ನೋಡುತ್ತ ಕೂರದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಚಿಕಲಿಂ ಆಸ್ಪತ್ರೆಗೆ ಹೋಗಬೇಕು. ಅರಿಶಿಣ, ಸುಣ್ಣ, ಮೆಣಸಿನಪುಡಿ ಹಚ್ಚುವ ರೂಢಿ ನಮ್ಮವರಲ್ಲಿ ಇನ್ನೂ ಇದೆ, ಅದು ನಿಲ್ಲಬೇಕು.

ನಾಯಿ ಸಾಕುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಶಾಲೆಯಿಂದ ಬಂದ ಮಕ್ಕಳಿಗೆ, ರಾತ್ರಿ ಪಾಳಿಯವರ ಮನೆಯಲ್ಲಿ ಒಂಟಿಯಾಗಿರುವ ಹೆಣ್ಣುಮಕ್ಕಳಿಗೆ ನಾಯಿ ದೊಡ್ಡ ಆಸರೆ. ಆದರೆ ಅದಕ್ಕೆ ಬೇಕಾದ ನಾಯಿ ಈ ಓಣಿಯಲ್ಲೇ ಇದೆ. ಇಲ್ಲಿಯ ಬೀದಿ ಮರಿಗೆ ಈ ಮಳೆ ಗೊತ್ತು, ಈ ಗದ್ದಲ ಗೊತ್ತು, ಅನ್ನ ಮೀನಿನ ಸಾರು ಹಾಕಿದರೂ ತಿಂದು ಅರಗಿಸಿಕೊಳ್ಳುತ್ತದೆ. ಸಂಕೋಲೆ ಬೇಡ, ಹೊಸ್ತಿಲಲ್ಲಿ ಮಲಗಿ ಹತ್ತು ಮನೆ ಕಾಯುತ್ತದೆ. ನೀವು ಊರಿಗೆ ಹೋದಾಗ ಒಂಬತ್ತು ಮನೆಯವರು ಅದಕ್ಕೆ ಗುರುತಿನವರೇ. ಮರಿಯಿದ್ದಾಗ ತಂದು, ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಹದಕ್ಕೆ ಬರುವ ಮೊದಲೇ ಸಂತಾನಹರಣ ಮಾಡಿಸಿದರೆ ಮುಂದೆ ಬೀದಿಗೆ ಬೀಳುವ ಮರಿಗಳೂ ಇರುವುದಿಲ್ಲ. ಕಿವಿಯ ಅಂಚು ಕತ್ತರಿಸಿದ ನಾಯಿ ಕಂಡರೆ ಅದಕ್ಕೆ ಈ ಆಪರೇಷನ್ ಆಗಿದೆ ಎಂದರ್ಥ. ಅಂಥದನ್ನು ಓಡಿಸಬೇಡಿ. ಅದನ್ನು ಓಡಿಸಿದರೆ ಆ ಜಾಗಕ್ಕೆ ಲಸಿಕೆ ಇಲ್ಲದ, ಮರಿ ಹಾಕುವ ಇನ್ನೊಂದು ಬರುತ್ತದೆ.

ಈಗಾಗಲೇ ಮುಧೋಳ ತಂದವರು ಅದನ್ನು ಬಿಟ್ಟುಬಿಡಬಾರದು. ಮಲಗಲು ಗೋಣಿಚೀಲ ಮಡಿಸಿ ದಪ್ಪನೆ ಹಾಸಿ. ಬೆಳಗಿನ ಜಾವ ಲಾರಿ ಓಡಾಟ ಶುರುವಾಗುವ ಮೊದಲು, ಬೇಲಿ ಇರುವ ಮೈದಾನ ಸಿಕ್ಕರೆ ಅಲ್ಲಿ, ಇಲ್ಲವಾದರೆ ಉದ್ದ ಹಗ್ಗದಲ್ಲಿ ಓಡಿಸಿ. ಮರಿ ಹಾಕಿಸಬೇಡಿ. ಸಂತಾನಹರಣಕ್ಕೆ ಒಯ್ದಾಗ ಇದು ಮುಧೋಳ ಎಂದು ವೈದ್ಯರಿಗೆ ಮೊದಲೇ ಹೇಳಿ. ಕೊಬ್ಬಿಲ್ಲದ ಈ ಮೈಯಿಂದ ಕೆಲವು ಅರಿವಳಿಕೆಗಳು ಬೇಗ ಇಳಿಯುವುದಿಲ್ಲ, ಔಷಧಿ ಆರಿಸುವಾಗ ಅವರಿಗೆ ಅದು ತಿಳಿದಿರಬೇಕು. ಊರಲ್ಲಿ ಹೊಲ, ಮನೆ, ನೋಡಿಕೊಳ್ಳುವ ಅಣ್ಣನೋ ಕಾಕಾನೋ ಇದ್ದರೆ ಮುಂದಿನ ಸಲ ಹೋಗುವಾಗ ಲಸಿಕೆ ಹಾಕಿಸಿ ಅಲ್ಲಿಗೇ ಒಯ್ಯಿರಿ. ತಿಮ್ಮಾಪುರದ ಕೇಂದ್ರದವರಿಗೂ, ಮರಿ ಮಾರುವ ಸಾಕಣೆದಾರರಿಗೂ ಒಂದು ಬಿನ್ನಹ: ದುಡ್ಡು ಎಣಿಸುವ ಮೊದಲು ಕೊಳ್ಳುವವರ ಮನೆ ಯಾವ ಊರಲ್ಲಿ, ಬಯಲು ಎಷ್ಟಿದೆ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿ, ಉತ್ತರ ಸರಿಬಾರದಿದ್ದರೆ ಮರಿ ಕೊಡಬೇಡಿ.