ಕೇಳಿಸದ ನಾದಕ್ಕೆ ಬೆಲೆಯೇಕೆ?

ಸಂಗೀತ ಕೇಳಲು ಪ್ಲೇಯರ್ ಕೊಳ್ಳಹೋದ ನನಗೆ, ಸೆಕೆಂಡಿಗೆ ಧ್ವನಿಯ 1,92,000 ಮಾದರಿಗಳನ್ನು ನುಡಿಸುವ ದುಬಾರಿ ಉಪಕರಣವನ್ನೇ ಒಯ್ಯಿರೆಂದು ಅಂಗಡಿಯವರು ಸಲಹೆಯಿತ್ತರು. ಸಾಮಾನ್ಯ ಸಿ.ಡಿ.ಯಲ್ಲಿರುವುದು 44,100 ಮಾದರಿಗಳು. ಅದರ ಅರ್ಧ, ಅಂದರೆ 22,050 ಹರ್ಟ್ಸ್‌ವರೆಗಿನ ನಾದವನ್ನು ಅದು ಹಿಡಿದಿಡಬಲ್ಲದು. ಮನುಷ್ಯನ ಕಿವಿಯ ಮಿತಿಯಾದರೋ ಸುಮಾರು 20,000. ಅರವತ್ತು ದಾಟಿದ ನನ್ನಂಥವರಿಗೆ ಇನ್ನೂ ಬಹಳ ಕಡಿಮೆ.

ಮಾರುವವನು ಬಲ್ಲದ್ದನ್ನು ಕೊಳ್ಳುವವನು ಅರಿಯದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿಯೇ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದ್ದರು. ಪುಕ್ಕಟೆ ಸಲಹೆಯ ಖರ್ಚನ್ನು ಕೊನೆಗೆ ಭರಿಸುವವರು ನಾವೇ.

ಆದ್ದರಿಂದ ಒಂದೇ ಹಾಡನ್ನು ಎರಡೂ ಉಪಕರಣಗಳಲ್ಲಿ, ಒಂದೇ ಮಟ್ಟದ ಧ್ವನಿಯಲ್ಲಿ, ಕಣ್ಣು ಮುಚ್ಚಿ ಕೇಳಿ. ವ್ಯತ್ಯಾಸ ತಿಳಿಯದಿದ್ದರೆ ಅಗ್ಗದ್ದನ್ನೇ ಕೊಳ್ಳಿ. ಉಳಿದ ಹಣವನ್ನು ಒಳ್ಳೆಯ ಸ್ಪೀಕರಿಗೆ ವಿನಿಯೋಗಿಸಿ. ಅಲ್ಲಿನ ವ್ಯತ್ಯಾಸ ಮುದಿಕಿವಿಗೂ ಕೇಳಿಸುತ್ತದೆ.