ಅಣ್ಣನದು ಕರೆ, ನನ್ನದು ಬರೀ ಕೆಲಸವೇ?

ಅಣ್ಣ ಮಂಗಳೂರಿನಲ್ಲಿ ಬಿ.ಡಿ. ಓದುತ್ತಿದ್ದಾನೆ. ಅದು ದೈವಶಾಸ್ತ್ರದ ಪದವಿ. ಮುಗಿದ ಮೇಲೆ ಸಭಾಪಾಲಕನಾಗುತ್ತಾನೆ. ನಾನು ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಬಂದಿದ್ದೇನೆ. ನೆಂಟರು ಕೇಳಿದಾಗ ಅಮ್ಮ ಹೇಳುವುದು ಒಂದೇ: "ಅವನಿಗೆ ದೇವರ ಕರೆ ಬಂತು. ಇವಳಿಗೂ ಒಂದು ಕೆಲಸ ಆದ್ರೆ ಸಾಕು." ಬೋಧನಾಭ್ಯಾಸದ ಈ ವಾರಗಳಲ್ಲಿ ಆ ಮಾತು ನನ್ನನ್ನು ಬಹಳ ಕಾಡಿತು.

ಅಣ್ಣನ ಓದೆಂದರೆ ಪ್ರಾರ್ಥನೆ, ಪ್ರಸಂಗ ಇಷ್ಟೇ ಎಂದುಕೊಂಡಿದ್ದೆ. ಹಾಗಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು 1847ರಲ್ಲಿ ಆರಂಭಿಸಿದ ದೈವಶಾಸ್ತ್ರದ ಶಿಕ್ಷಣ, 1965ರಿಂದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಮುಂದುವರಿದಿದೆ. ಅಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳಿವೆ, ಚರಿತ್ರೆಯಿದೆ, ಬೇರೆ ಧರ್ಮಗಳ ಅಧ್ಯಯನವೂ ಇದೆ.

'ಕರೆ' ಎಂಬ ಪದವನ್ನೇ ಅವರು ಹೇಗೆ ಓದುತ್ತಾರೆಂದು ಅಣ್ಣ ಒಮ್ಮೆ ವಿವರಿಸಿದ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೇ ಅಧ್ಯಾಯದಲ್ಲಿ ಪೌಲನು, ಕರೆ ಬಂದಾಗ ಯಾವ ಸ್ಥಿತಿಯಲ್ಲಿದ್ದರೋ ಅದರಲ್ಲೇ ಇರಿ ಎನ್ನುತ್ತಾನೆ. ಆ 20ನೇ ವಚನವನ್ನಷ್ಟೇ ಹಿಡಿದರೆ 'ಹುಟ್ಟಿದಲ್ಲೇ ಬಿದ್ದಿರು' ಎಂದಂತಾಗುತ್ತದೆ. ನಮ್ಮ ದೇಶದಲ್ಲಿ ಈ ಮಾತು ಯಾರ ಬಾಯಿ ಮುಚ್ಚಿಸುತ್ತದೆಂದು ಹೇಳಬೇಕಿಲ್ಲ. ಆದರೆ ಮರು ವಚನದಲ್ಲೇ ದಾಸನ ಬಿಡುಗಡೆಯ ಮಾತು ಬರುತ್ತದೆ. ಬಿಡುಗಡೆಯ ಅವಕಾಶವನ್ನು ಬಳಸಿಕೋ ಎಂದೋ, ದಾಸನಾಗಿಯೇ ಬಾಳು ಎಂದೋ ಎಂಬ ಬಗ್ಗೆ ಗ್ರೀಕ್ ಬಲ್ಲವರಲ್ಲಿ ಬಹುಕಾಲದಿಂದ ವಾದವಿದೆ. ಇದನ್ನೆಲ್ಲ ತಿಳಿದವನು ವೇದಿಕೆ ಹತ್ತಿದಾಗ ಆ ವಚನವನ್ನು ಬೇರೆಯವರ ಮೇಲೆ ಸುಲಭವಾಗಿ ಹೇರಲಾರ.

ಬೈಬಲನ್ನು ಕಾಲೇಜು ಮಟ್ಟದಲ್ಲಿ ಓದಿದರೆ ಭಕ್ತಿ ಕಡಿಮೆಯಾಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪರೀಕ್ಷೆಗೆ ಒಡ್ಡದ ಕರೆಯೇ ಹೆಚ್ಚು ಅಪಾಯಕಾರಿ. ನನಗೆ ಕರೆ ಬಂದಿದೆ ಎಂದು ಒಬ್ಬನೇ ಹೇಳಿಕೊಂಡರೆ ಸಾಲದು. ಸಭೆ ಒಪ್ಪಬೇಕು, ಹಿರಿಯರು ಪ್ರಶ್ನಿಸಬೇಕು, ವರ್ಷಗಟ್ಟಲೆ ಓದಬೇಕು.

ಹದಿನಾರನೇ ಶತಮಾನದಲ್ಲಿ ಮಾರ್ಟಿನ್ ಲೂಥರ್, ಕರೆ ಎಂಬುದು ಪಾದ್ರಿ, ಸನ್ಯಾಸಿಗಳಿಗೆ ಮಾತ್ರ ಸೇರಿದ್ದಲ್ಲ, ದಿನನಿತ್ಯದ ದುಡಿಮೆಯೂ ಕರೆಯೇ ಎಂದು ಬೋಧಿಸಿದ. ಹಾಗಿದ್ದರೆ ನನ್ನದೂ ಕರೆ. ಆದರೆ ಒಂದು ಎಚ್ಚರ ಬೇಕು. 'ಶಿಕ್ಷಕ ವೃತ್ತಿ ಸೇವೆ' ಎನ್ನುತ್ತಲೇ ಸಂಬಳ ಕಡಿಮೆ ಮಾಡುವವರು ಇದ್ದಾರೆ. ಕರೆ ಎಂಬ ಮಾತು ಸಂಬಳ ಕೇಳುವವಳ ಬಾಯಿ ಮುಚ್ಚಿಸುವುದಕ್ಕಲ್ಲ.

ಕಳೆದ ವಾರ ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡಿದೆ. ಒಬ್ಬ ಹುಡುಗ ಎದ್ದು, "ಮಿಸ್, ಘರ್ಷಣೆ ಇರೋದು ಒಳ್ಳೇದಾ, ಇಲ್ದಿರೋದು ಒಳ್ಳೇದಾ?" ಎಂದ. ಹಿಂದಿನ ಬೆಂಚಿನಲ್ಲಿ ವೀಕ್ಷಕರಿದ್ದರು, ಪಾಠಯೋಜನೆಯಲ್ಲಿ ಮೌಲ್ಯಮಾಪನ ಇನ್ನೂ ಬಾಕಿಯಿತ್ತು. "ಆಮೇಲೆ ಹೇಳ್ತೀನಿ, ಕೂತ್ಕೋ" ಎಂದೆ. ಹೇಳಲಿಲ್ಲ. ದಾಖಲೆ ಪುಸ್ತಕದಲ್ಲಿ 'ಉದ್ದೇಶ ಈಡೇರಿದೆ' ಎಂದು ಬರೆದೆ. ಒಂದೇ ವಚನ ಹಿಡಿದು ಪ್ರಸಂಗ ಮಾಡುವವರಿಗೂ ನನಗೂ ಆ ದಿನ ವ್ಯತ್ಯಾಸವಿರಲಿಲ್ಲ.

ಹಾಗಾಗಿ ನನ್ನದೊಂದು ಸಲಹೆ. ಬೋಧನಾಭ್ಯಾಸ ಮುಗಿದ ಮೇಲೆ ನಾವು ಪ್ರಶಿಕ್ಷಣಾರ್ಥಿಗಳು ಒಂದು ಮಧ್ಯಾಹ್ನ ಒಟ್ಟಿಗೆ ಕೂರೋಣ. ಅಂಕಗಳ ಮಾತು ಬೇಡ. ಈ ವೃತ್ತಿಗೆ ಏಕೆ ಬಂದೆ, ಯಾವ ಮಗುವಿನ ಪ್ರಶ್ನೆಯನ್ನು ತಳ್ಳಿಹಾಕಿದೆ ಎಂದು ಪ್ರತಿಯೊಬ್ಬರೂ ಹೇಳಲಿ, ಉಳಿದವರು ಪ್ರಶ್ನಿಸಲಿ. ನಂಬಿಕೆ ಇರುವವರಿಗೂ ಇಲ್ಲದವರಿಗೂ ಇದು ಸಲ್ಲುತ್ತದೆ.

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಕರೆನೋ ಕೆಲಸನೋ, ಮೊದಲು ಟಿಇಟಿ ಪಾಸ್ ಮಾಡು" ಎಂದು ನಕ್ಕರು. ಮಾಡುತ್ತೇನೆ. ಅದಕ್ಕೂ ಮೊದಲು, ಸೋಮವಾರ ಆ ಹುಡುಗನ ಪ್ರಶ್ನೆಯಿಂದಲೇ ಪಾಠ ಶುರು ಮಾಡುತ್ತೇನೆ.