ಕಾಡು ಬಾ ಅಂದರೂ...



“ಊರು ಹೋಗು ಅಂತೈತಿ, ಕಾಡು ಬಾ ಅಂತೈತಿ.” ವಡ್ಡುವಿನಿಂದ ಹೊಸಪೇಟೆಯ ನಮ್ಮ ಮನೆಗೆ ಬಂದ ಮೇಲೆ ಅತ್ತೆಯವರ ಬಾಯಲ್ಲಿ ಹಗಲೂ ರಾತ್ರಿ ಇದೇ ಮಾತು. ಊಟವೂ ಅರ್ಧಕ್ಕಿಳಿಯಿತು. ಡಾಕ್ಟರು ನೋಡಿ, ಬಿ.ಪಿ. ಬಿಟ್ಟರೆ ಬೇರೇನಿಲ್ಲ ಅಂದರು.

ತಪ್ಪು ನನ್ನದೇ. “ವಯಸ್ಸಾತು, ನಿಮಗ್ಯಾಕ ಬಿಡ್ರಿ ಅತ್ತಿ” ಎಂದು ಒಲೆ, ಮೊರ, ಮನೆಲೆಕ್ಕ ಎಲ್ಲವನ್ನೂ ಅವರ ಕೈಯಿಂದ ಕಿತ್ತುಕೊಂಡಿದ್ದೆ.

ಅಮೆರಿಕದ ಓಹಿಯೋದ ಸಣ್ಣ ಊರೊಂದರಲ್ಲಿ 1975ರಲ್ಲಿ, 50 ದಾಟಿದ 660 ಜನರನ್ನು ಮುಪ್ಪಿನ ಬಗ್ಗೆ ಕೇಳಿದ್ದರು. ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಮತ್ತು ಜೊತೆಯವರು 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ತಮ್ಮ ಮುಪ್ಪನ್ನು ಹಗುರಾಗಿ ಕಂಡವರು ಉಳಿದವರಿಗಿಂತ ಸುಮಾರು 7.5 ವರ್ಷ ಹೆಚ್ಚು ಬಾಳಿದ್ದರು.

ಇದನ್ನು ಓದಿದ ದಿನವೇ, ಮಗಳಿಗೆ ಜೋಳದ ರೊಟ್ಟಿ ಕಲಿಸಿರೆಂದು ಅತ್ತೆಯನ್ನು ಕೇಳಿದೆ. ಮುಖ ತಿರುಗಿಸಿದರು. ಆದರೆ ರೊಟ್ಟಿ ಹರಿದದ್ದು ನೋಡಿ ತಡೆಯಲಾಗಲಿಲ್ಲ: “ಹಿಟ್ಟಿಗೆ ಕುದಿಯೋ ನೀರು ಹಾಕಬೇಕವ್ವಾ! ಸರಿ ಆ ಕಡೆ.”

ಮಾತ್ರೆ ಈಗಲೂ ತಪ್ಪಿಸುವುದಿಲ್ಲ. ನಂಬಿಕೆ ಔಷಧಿಗೆ ಬದಲಲ್ಲ. ಆದರೆ ಮೊನ್ನೆ ರೊಟ್ಟಿ ಬುಟ್ಟಿ ಮುಚ್ಚುತ್ತಾ ಅಂದರು: “ಬರೋ ಹಂಪಿ ತೇರಿಗೆ ನನ್ನೂ ಕರಕೊಂಡು ಹೋಗ್ರವ್ವಾ.”

ನಿಮ್ಮ ಮನೆಯ ಹಿರಿಯರ ಕೈಯಿಂದ ಏನು ಕಿತ್ತುಕೊಂಡಿದ್ದೀರಿ? ಒಂದನ್ನಾದರೂ ಇವತ್ತೇ ವಾಪಸ್ಸು ಕೊಡಿ.